ಹ್ಯಾರಿ ಪಾಟರ್ ಹಿಡಿದು ಗಣಿತ, ವಿಜ್ಞಾನ, ಸಮಾಜ, ಕನ್ನಡ ಕಲಿಸುವುದು ಹೇಗೆ: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

"ನಿಮ್ಮ ಹತ್ತಿರ ಒಂದು ಗ್ಯಾಲಿಯನ್ ಇದೆ. ಇಬ್ಬರು ಗೆಳೆಯರು ಸಮವಾಗಿ ಹಂಚಿಕೊಳ್ಳಬೇಕು. ಆಗುತ್ತಾ?"

ಏಳನೇ ತರಗತಿಯ ಬೋರ್ಡ್ ಮೇಲೆ ಇಷ್ಟು ಬರೆದು ಸುಮ್ಮನೆ ನಿಂತುಕೊಂಡೆ. ಅದಕ್ಕೂ ಮೊದಲು ಹ್ಯಾರಿ ಪಾಟರ್ ಕತೆಯಲ್ಲಿ ಹ್ಯಾಗ್ರಿಡ್ ಹೇಳಿಕೊಡುವ ಮಾಯಾಲೋಕದ ನಾಣ್ಯಗಳ ಲೆಕ್ಕವನ್ನು ಓದಿ ಹೇಳಿದ್ದೆ: 17 ಸಿಕಲ್‌ಗೆ ಒಂದು ಗ್ಯಾಲಿಯನ್, 29 ಕ್ನಟ್‌ಗೆ ಒಂದು ಸಿಕಲ್. ಗಣಿತ ಅಂದರೆ ಡೆಸ್ಕಿಗೆ ತಲೆ ಹಚ್ಚುವ ಹುಡುಗರೂ ಪೆನ್ಸಿಲ್ ತೆಗೆದರು. 17ನ್ನು 29ರಿಂದ ಗುಣಿಸಿದರು. 493 ಬಂತು. ಎರಡರಿಂದ ಭಾಗಿಸಿದರು. ಒಂದು ಕ್ನಟ್ ಉಳಿಯಿತು. "ಮೂರು ಜನಕ್ಕೆ ಹಂಚಿದ್ರೆ?" ಅಂದೆ. ಆಗಲೂ ಒಂದು ಉಳಿಯಿತು. ನಾಲ್ಕು ಜನಕ್ಕೂ ಒಂದು, ಆರು ಜನಕ್ಕೂ ಒಂದು, ಹನ್ನೆರಡು ಜನಕ್ಕೂ ಒಂದು. ಅಷ್ಟು ಹೊತ್ತಿಗೆ ತರಗತಿಯಲ್ಲಿ ಗದ್ದಲವೋ ಗದ್ದಲ. ಯಾಕೆ ಹೀಗೆ ಅಂತ ಅವರೇ ಕೇಳತೊಡಗಿದರು. ಅವಿಭಾಜ್ಯ ಸಂಖ್ಯೆಯ ಪಾಠ ಅಲ್ಲಿಂದ ಶುರುವಾಯಿತು.

ಈ ಮಾರ್ಗದರ್ಶಿ ಆರರಿಂದ ಎಂಟನೇ ತರಗತಿಯ ಶಿಕ್ಷಕರಿಗಾಗಿ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅಪ್ಪ ಅಮ್ಮಂದಿರೂ ಬಳಸಬಹುದು. ಹ್ಯಾರಿ ಅನ್ನುವ ಹುಡುಗ ಮಾಯಾವಿದ್ಯೆಯ ಶಾಲೆಯಲ್ಲಿ ಕಲಿಯುವ ಕತೆ ಹೇಳುವ, ಜೆ.ಕೆ. ರೌಲಿಂಗ್ ಅವರ ಈ ಸರಣಿಯ ಮೊದಲ ಪುಸ್ತಕ 1997ರ ಜೂನ್ 26ರಂದು ಬ್ರಿಟನ್ನಿನಲ್ಲಿ ಬಂತು. ಏಳನೆಯದು, ಅಂದರೆ ಕೊನೆಯದು, 2007ರ ಜುಲೈನಲ್ಲಿ. ನಮ್ಮ ಮಕ್ಕಳಲ್ಲಿ ಬಹಳ ಜನ ಸಿನಿಮಾ ನೋಡಿರುತ್ತಾರೆ, ಪುಸ್ತಕ ಮುಟ್ಟಿರುವುದಿಲ್ಲ. ಅದು ತೊಂದರೆಯೇನಲ್ಲ.

ಹಂತ 1: ಪ್ರಶ್ನೆ ಹುಡುಕಿ, ಅಲಂಕಾರ ಬಿಡಿ

ಹ್ಯಾರಿ ಪಾಟರ್ ಪಾಠ ಅಂದ ಕೂಡಲೇ ನಮಗೆ ಹೊಳೆಯುವುದು ಚೂಪು ಟೋಪಿ, ಗೋಡೆಗೆ ಗೂಬೆ, ನಾಲ್ಕು ಬಣ್ಣದ ಬಾವುಟ. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ಎರಡು ಭಾನುವಾರ ಕೂತು ರಟ್ಟು ಕತ್ತರಿಸಿದೆ. ಮಕ್ಕಳು ಖುಷಿಪಟ್ಟರು. ಆದರೆ ಬೋರ್ಡ್ ಮೇಲಿನ ಲೆಕ್ಕ ಹಳೆಯದೇ ಇತ್ತು. "ರಾಮನ ಬಳಿ 12 ಮಾವಿನಹಣ್ಣು" ಅನ್ನುವ ಜಾಗದಲ್ಲಿ "ಹ್ಯಾರಿಯ ಬಳಿ 12 ಚಾಕೊಲೇಟ್" ಅಂತಾಯಿತು, ಅಷ್ಟೇ. ಹೆಸರು ಬದಲಾದ ಮಾತ್ರಕ್ಕೆ ಲೆಕ್ಕ ರುಚಿಸುವುದಿಲ್ಲ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಒಂದು ನಿಯಮ ಹಾಕಿಕೊಂಡೆ. ಕತೆಯೊಳಗೇ ಒಂದು ಪ್ರಶ್ನೆ ಇರಬೇಕು. ನಮ್ಮ ಪಾಠ ಕಲಿತರೆ ಮಾತ್ರ ಅದಕ್ಕೆ ಉತ್ತರ ಸಿಗಬೇಕು. ಗ್ಯಾಲಿಯನ್ ಯಾಕೆ ಸಮ ಭಾಗ ಆಗಲ್ಲ? ಸಿರಿಯಸ್ ಅನ್ನುವವನು ನಾಯಿಯೇ ಯಾಕೆ ಆಗುತ್ತಾನೆ? ವಿಚಾರಣೆಯೇ ಇಲ್ಲದೆ ಹನ್ನೆರಡು ವರ್ಷ ಜೈಲಲ್ಲಿಡುವುದು ಸರಿಯಾ? ಪುಸ್ತಕ ಓದುವಾಗ ಪೆನ್ಸಿಲ್ ಹಿಡಿದು ಇಂಥ ಜಾಗಗಳಿಗೆ ಗುರುತು ಹಾಕಿಕೊಳ್ಳಿ. ಮೊದಲ ಪುಸ್ತಕದ 17 ಅಧ್ಯಾಯಗಳಲ್ಲೇ ಒಂದು ವರ್ಷಕ್ಕಾಗುವಷ್ಟು ಸಿಗುತ್ತವೆ.

ಹಂತ 2: ಪುಸ್ತಕ, ಭಾಷೆ, ವಯಸ್ಸು

ಎಲ್ಲ ಮಕ್ಕಳ ಕೈಗೂ ಪುಸ್ತಕ ಬೇಕಿಲ್ಲ. ಶಾಲೆಯ ಲೈಬ್ರರಿಯಲ್ಲಿ ಒಂದು ಪ್ರತಿ ಇದ್ದರೆ ಸಾಕು. ಹಳೇ ಪುಸ್ತಕದ ಅಂಗಡಿಯಲ್ಲಿ ಮೊದಲ ಮೂರು ಭಾಗ ಸುಲಭವಾಗಿ ಸಿಗುತ್ತವೆ. ಇಡೀ ಪುಸ್ತಕ ಜೆರಾಕ್ಸ್ ಮಾಡಿಸುವುದು, ಪಿಡಿಎಫ್ ಹಂಚುವುದು ಬೇಡ. ಅದು ತಪ್ಪು. ಅದರ ಅಗತ್ಯವೂ ಬೀಳುವುದಿಲ್ಲ.

ಕನ್ನಡ ಮಾಧ್ಯಮದ ಮಕ್ಕಳಾದರೆ ಇಂಗ್ಲಿಷ್ ಪುಟವನ್ನು ನೀವು ಮೊದಲು ಮನೆಯಲ್ಲಿ ಓದಿಕೊಂಡು ಹೋಗಿ, ತರಗತಿಯಲ್ಲಿ ಕನ್ನಡದಲ್ಲಿ ಕತೆ ಹೇಳಿ. ಅಜ್ಜಿ ಕತೆ ಹೇಳುವ ಹಾಗೆ, ದನಿ ಏರಿಸಿ ಇಳಿಸಿ. ಹತ್ತು ನಿಮಿಷ ಕತೆ, ಉಳಿದ ಮೂವತ್ತು ನಿಮಿಷ ಪಾಠ. ಕತೆಯೇ ಪೂರ್ತಿ ಪೀರಿಯಡ್ ತಿಂದುಬಿಟ್ಟರೆ ಮುಖ್ಯೋಪಾಧ್ಯಾಯರು ಕೇಳುತ್ತಾರೆ, ಕೇಳಬೇಕಾದದ್ದೂ ಸರಿಯೇ.

ವಯಸ್ಸಿನ ವಿಷಯದಲ್ಲಿ ಹುಷಾರಾಗಿರಿ. ಮೊದಲ ಮೂರು ಪುಸ್ತಕ ಆರು, ಏಳನೇ ತರಗತಿಗೆ ಹೊಂದುತ್ತವೆ. ನಾಲ್ಕನೆಯದರಿಂದ ಸಾವು, ಹಿಂಸೆ ಜಾಸ್ತಿ. ಅವನ್ನು ಎಂಟನೇ ತರಗತಿಗಿಡಿ, ಬೇಕಾದ ಭಾಗ ಮಾತ್ರ ಆರಿಸಿಕೊಳ್ಳಿ.

ಕೆಲವು ತಂದೆತಾಯಿಗಳಿಗೆ ಮಾಟ ಮಂತ್ರದ ಕತೆ ಅಂದರೆ ಅಳುಕು. ಶುರು ಮಾಡುವ ಮೊದಲೇ ಪೋಷಕರ ಸಭೆಯಲ್ಲಿ ಏನು ಓದುತ್ತೀರಿ, ಯಾಕೆ ಓದುತ್ತೀರಿ ಅಂತ ಹೇಳಿಬಿಡಿ. ಕತೆಯ ಮಾಯೆಗೂ ಊರಲ್ಲಿ ದುಡ್ಡು ಕಿತ್ತು ಮಾಡುವ ಮಾಟಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಜನ ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುವ ಕರ್ನಾಟಕದ 2017ರ ಕಾನೂನಿನ ಬಗ್ಗೆ ಮಾತಾಡಲು ಇದೇ ಒಳ್ಳೆಯ ನೆಪ.

ಹಂತ 3: ಗಣಿತ

ಗಣಿತದಿಂದ ಶುರು ಮಾಡಿ. ಈ ಸರಣಿಯಲ್ಲಿ ಗಣಿತಕ್ಕೆ ಸಿಗುವಷ್ಟು ಸಾಮಗ್ರಿ ಬೇರೆ ಯಾವ ವಿಷಯಕ್ಕೂ ಸಿಗುವುದಿಲ್ಲ ಅನ್ನುವುದು ನನ್ನ ಅನುಭವ.

*ದುಡ್ಡಿನ ಲೆಕ್ಕ.* ಮೇಲೆ ಹೇಳಿದ 493ನ್ನು ಬಿಡಿಸಿ ತೋರಿಸಿ. 17 ಮತ್ತು 29 ಎರಡೂ ಅವಿಭಾಜ್ಯ. ಹಾಗಾಗಿ 493ಕ್ಕೆ ನಾಲ್ಕೇ ಅಪವರ್ತನಗಳು: 1, 17, 29, 493. ಹಂಚಿದಾಗಲೆಲ್ಲ ಒಂದೇ ಉಳಿಯುವುದಕ್ಕೆ ಕಾರಣ ಅದರ ಹಿಂದಿನ ಸಂಖ್ಯೆಯಲ್ಲಿದೆ. 492ನ್ನು 2, 3, 4, 6, 12 ಎಲ್ಲವೂ ನಿಶ್ಶೇಷವಾಗಿ ಭಾಗಿಸುತ್ತವೆ. ಇದನ್ನು ನೀವು ಹೇಳಬೇಡಿ. ಹತ್ತು ನಿಮಿಷ ಕೊಟ್ಟರೆ ಯಾರಾದರೂ ಒಬ್ಬರು ಕಂಡುಹಿಡಿದೇ ಹಿಡಿಯುತ್ತಾರೆ.

ಆಮೇಲೆ ಕೂಡುವ ಲೆಕ್ಕ. 3 ಗ್ಯಾಲಿಯನ್ 5 ಸಿಕಲ್ 20 ಕ್ನಟ್‌ಗೆ 1 ಗ್ಯಾಲಿಯನ್ 14 ಸಿಕಲ್ 15 ಕ್ನಟ್ ಸೇರಿಸಿ. ಕ್ನಟ್ 35 ಆಯಿತು, ಅದರಲ್ಲಿ 29 ತೆಗೆದರೆ ಒಂದು ಸಿಕಲ್ ದಶಕ, 6 ಉಳಿಯಿತು. ಸಿಕಲ್ 20 ಆಯಿತು, 17 ತೆಗೆದರೆ ಒಂದು ಗ್ಯಾಲಿಯನ್ ದಶಕ, 3 ಉಳಿಯಿತು. ಉತ್ತರ 5 ಗ್ಯಾಲಿಯನ್ 3 ಸಿಕಲ್ 6 ಕ್ನಟ್. ದಶಕ ಅಂದರೆ ಯಾವಾಗಲೂ ಹತ್ತೇ ಆಗಬೇಕಿಲ್ಲ ಅನ್ನುವುದು ಮಕ್ಕಳಿಗೆ ಮೊದಲ ಸಲ ಹೊಳೆಯುವುದು ಇಲ್ಲೇ.

ಇಷ್ಟಾದ ಮೇಲೆ ಮಕ್ಕಳನ್ನು ಮನೆಗೆ ಕಳಿಸಿ, ಅಜ್ಜ ಅಜ್ಜಿಯನ್ನು ಆಣೆ ಲೆಕ್ಕ ಕೇಳಿಕೊಂಡು ಬನ್ನಿ ಅನ್ನಿ. ನಮ್ಮಲ್ಲಿ 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಒಟ್ಟು 64 ಪೈಸೆ. ಬ್ರಿಟನ್ನಿನಲ್ಲಿ 1971ರ ಫೆಬ್ರವರಿ 15ರವರೆಗೆ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್, ಒಟ್ಟು 240 ಪೆನ್ಸ್. 64, 240 ಮತ್ತು 493ರ ಅಪವರ್ತನಗಳನ್ನು ಪಕ್ಕಪಕ್ಕ ಬರೆಸಿ. ಸಂತೆಯಲ್ಲಿ ಕಾಲು, ಅರ್ಧ ಅಂತ ವ್ಯಾಪಾರ ಮಾಡುವವರಿಗೆ ಯಾವುದು ಅನುಕೂಲ? ಎಂಟಾಣೆ ಅಂದರೆ ಯಾಕೆ ಇವತ್ತಿನ ಐವತ್ತು ಪೈಸೆ? ಹದಿನಾರಾಣೆ ಸತ್ಯ ಅಂದರೆ ಏನು? ಒಬ್ಬ ಹುಡುಗಿಯ ಅಜ್ಜಿ ಸೆರಗಿನ ಗಂಟಿನಿಂದ ನಾಲ್ಕಾಣೆ ನಾಣ್ಯವನ್ನೇ ಬಿಚ್ಚಿ ಕಳಿಸಿದ್ದರು. ಅದು ಇಡೀ ತರಗತಿಯ ಕೈಯಿಂದ ಕೈಗೆ ಹೋಗಿ ಸಂಜೆ ಜೋಪಾನವಾಗಿ ವಾಪಸ್ ಹೋಯಿತು.

*ಒಂಬತ್ತೂ ಮುಕ್ಕಾಲು.* ಹ್ಯಾರಿ ಶಾಲೆಗೆ ರೈಲು ಹತ್ತುವ, ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನ 9¾ ಪ್ಲಾಟ್‌ಫಾರಂ ಎಲ್ಲರಿಗೂ ಗೊತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ 9ರಿಂದ 10ರವರೆಗೆ ಉದ್ದ ಗೆರೆ ಎಳೆದು, ಒಂಬತ್ತೂ ಕಾಲು, ಒಂಬತ್ತೂವರೆ, ಒಂಬತ್ತೂ ಮುಕ್ಕಾಲರ ಮೇಲೆ ಮಕ್ಕಳನ್ನೇ ನಿಲ್ಲಿಸಿ. ಅರೆಕಾಲು ಅಂದರೆ ಎಂಟನೇ ಒಂದು, ವೀಸ ಅಂದರೆ ಹದಿನಾರನೇ ಒಂದು. ಈ ಪದಗಳು ಮರೆಯಾಗುತ್ತಿವೆ. ಭಿನ್ನರಾಶಿ ಹೇಳುವಾಗ ಇವನ್ನು ಮಕ್ಕಳ ಬಾಯಿಗೆ ಹಾಕಿ.

*ಕ್ವಿಡಿಚ್ ಅಸಮತೆ.* ಕ್ವಿಡಿಚ್ ಅಂದರೆ ಪೊರಕೆ ಮೇಲೆ ಹಾರುತ್ತ ಆಡುವ ಆಟ. ಒಂದು ಗೋಲಿಗೆ 10 ಅಂಕ, ಸ್ನಿಚ್ ಅನ್ನುವ ಹಾರುವ ಪುಟ್ಟ ಚೆಂಡು ಹಿಡಿದರೆ 150 ಅಂಕ, ಆಟ ಮುಗಿಯಿತು. ಸ್ನಿಚ್ ಹಿಡಿದೂ ಸೋಲಬಹುದಾ? ನಮ್ಮ ಗೋಲು ಅ, ಎದುರಾಳಿಯ ಗೋಲು ಬ ಇರಲಿ. ಗೆಲ್ಲಬೇಕಾದರೆ 10ಅ + 150 > 10ಬ. ಅಂದರೆ ಹಿಂದಿರುವುದು 15 ಗೋಲಿಗಿಂತ ಕಡಿಮೆ ಇರಬೇಕು. ನಾಲ್ಕನೇ ಪುಸ್ತಕದ ವಿಶ್ವಕಪ್‌ನಲ್ಲಿ ಬಲ್ಗೇರಿಯಾದ ಕ್ರಮ್ ಸ್ನಿಚ್ ಹಿಡಿದರೂ ಐರ್ಲೆಂಡ್ 170–160ರಿಂದ ಗೆಲ್ಲುತ್ತದೆ. ಸ್ನಿಚ್ ಹಿಡಿಯುವ ಮೊದಲು ಎಷ್ಟೆಷ್ಟು ಅಂಕ ಇತ್ತು ಅಂತ ಮಕ್ಕಳೇ ಹಿಂದಕ್ಕೆ ಲೆಕ್ಕ ಹಾಕಲಿ.

*ಏಳು ಬಾಟಲಿ.* ಇದು ನನಗೆ ಬಹಳ ಇಷ್ಟ, ಅದಕ್ಕೇ ವಿವರವಾಗಿ ಹೇಳುತ್ತೇನೆ. ಮೊದಲ ಪುಸ್ತಕದ ಕೊನೆಯಲ್ಲಿ ಹ್ಯಾರಿಯ ಗೆಳತಿ ಹರ್ಮಯನಿ ಒಂದು ಒಗಟು ಬಿಡಿಸುತ್ತಾಳೆ. ಸಾಲಾಗಿ ಏಳು ಬಾಟಲಿ. ಮೂರರಲ್ಲಿ ವಿಷ, ಎರಡರಲ್ಲಿ ಗಿಡದ ಮದ್ಯ, ಒಂದು ಮುಂದೆ ಹೋಗಲು ಬಿಡುವ ರಸ, ಒಂದು ಹಿಂದೆ ಕಳಿಸುವ ರಸ. ಯಾವ ಬಾಟಲಿ ದೊಡ್ಡದು, ಯಾವುದು ಚಿಕ್ಕದು ಅಂತ ಪುಸ್ತಕ ಹೇಳುವುದಿಲ್ಲ. ಹಾಗಾಗಿ ಓದುವವರಿಗೆ ಪೂರ್ತಿ ಬಿಡಿಸಲು ಆಗುವುದಿಲ್ಲ. ನಾವು ಆ ಖಾಲಿ ಜಾಗ ತುಂಬಿಸೋಣ.

ಮನೆಯಿಂದ ಬೇರೆ ಬೇರೆ ಗಾತ್ರದ ಏಳು ಖಾಲಿ ಬಾಟಲಿ ತನ್ನಿ. ಒಳಗೆ ಏನೂ ಹಾಕಬೇಡಿ, ಕುಡಿಯುವ ಆಟ ಬೇಡವೇ ಬೇಡ. ಪ್ರತಿ ಬಾಟಲಿಯ ತಳಕ್ಕೆ ಉತ್ತರದ ಚೀಟಿ ಅಂಟಿಸಿ. ಎಡದಿಂದ ಎರಡನೆಯದು ಎಲ್ಲಕ್ಕಿಂತ ದೊಡ್ಡದು, ಮೂರನೆಯದು ಎಲ್ಲಕ್ಕಿಂತ ಚಿಕ್ಕದು ಇರಲಿ. ಸುಳಿವು ಹೀಗೆ ಕೊಡಿ:

ಪ್ರತಿ ಮದ್ಯದ ಎಡ ಪಕ್ಕಕ್ಕೆ ವಿಷ ಇದ್ದೇ ಇರುತ್ತದೆ.
ಎರಡೂ ತುದಿಯ ಬಾಟಲಿಗಳಲ್ಲಿ ಇರುವುದು ಬೇರೆ ಬೇರೆ, ಆದರೆ ಎರಡೂ ಮುಂದೆ ಬಿಡುವುದಿಲ್ಲ.
ಎಲ್ಲಕ್ಕಿಂತ ಚಿಕ್ಕದರಲ್ಲಿ ವಿಷ ಇಲ್ಲ, ದೊಡ್ಡದರಲ್ಲೂ ಇಲ್ಲ.
ಎಡದಿಂದ ಎರಡನೆಯದು ಮತ್ತು ಬಲದಿಂದ ಎರಡನೆಯದರಲ್ಲಿ ಇರುವುದು ಒಂದೇ.

ಬಿಡಿಸುವ ದಾರಿ ಇದು. ಎರಡನೆಯದು ಮತ್ತು ಆರನೆಯದು ಒಂದೇ ಆಗಿರಬೇಕು, ಅಂದರೆ ವಿಷ ಇಲ್ಲವೇ ಮದ್ಯ. ಎರಡನೆಯದು ದೊಡ್ಡ ಬಾಟಲಿ, ಅದರಲ್ಲಿ ವಿಷ ಇಲ್ಲ. ಹಾಗಾದರೆ ಎರಡೂ ಮದ್ಯ. ಅವುಗಳ ಎಡಕ್ಕಿರುವ ಒಂದನೆಯದು, ಐದನೆಯದು ವಿಷ. ಏಳನೆಯದು ಒಂದನೆಯದರ ಹಾಗಿಲ್ಲ, ಮುಂದೂ ಬಿಡುವುದಿಲ್ಲ, ಮದ್ಯ ಆಗಲೇ ಮುಗಿದಿದೆ. ಹಾಗಾಗಿ ಅದು ಹಿಂದೆ ಕಳಿಸುವ ರಸ. ಉಳಿದದ್ದು ಮೂರು ಮತ್ತು ನಾಲ್ಕು. ಮೂರನೆಯದು ಚಿಕ್ಕದು, ವಿಷ ಇಲ್ಲ. ಅದೇ ಮುಂದೆ ಹೋಗುವ ರಸ. ನಾಲ್ಕನೆಯದು ವಿಷ.

ಮಕ್ಕಳು ಉತ್ತರ ಹೇಳಿದರೆ ಸಾಲದು, "ಯಾಕೆ" ಅನ್ನುವುದನ್ನೂ ಹೇಳಬೇಕು. ಊಹಿಸಿ ಸರಿ ಹೇಳಿದವರಿಗೆ ಅಂಕ ಇಲ್ಲ. ಇದು ಜ್ಯಾಮಿತಿಯ ಸಾಧನೆಗೆ ತಯಾರಿ. ಎಂಟನೇ ತರಗತಿಯಲ್ಲಿ ಪ್ರಮೇಯ ಶುರುವಾದಾಗ "ಬಾಟಲಿ ಥರ ಬರೀರಿ" ಅಂದರೆ ಸಾಕು. ಮರುದಿನ ದೊಡ್ಡ ಬಾಟಲಿಯನ್ನು ಬೇರೆ ಜಾಗಕ್ಕಿಟ್ಟು, ಈಗಲೂ ಒಂದೇ ಉತ್ತರ ಬರುತ್ತಾ ಅಂತ ಕೇಳಿ.

ಹಂತ 4: ವಿಜ್ಞಾನ

ಕತೆಯ ಶಾಲೆಯಲ್ಲಿ ಮಾಯಾ ಮದ್ದು ಕಾಸಲು ಕಲಿಸುವ ರಸಪಾಕದ ತರಗತಿಯನ್ನು ನಮ್ಮ ಅಡುಗೆಮನೆಯಿಂದಲೇ ಮಾಡಬಹುದು. ಒಂದು ಗಾಜಿನ ಲೋಟದಲ್ಲಿ ನೀರು, ಅದಕ್ಕೆ ಅರ್ಧ ಚಮಚ ಅರಿಶಿನ. ಹಳದಿ. ಈಗ ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಕಡಲೆಕಾಳಿನಷ್ಟು, ನೀವೇ ಹಾಕಿ ಕಲಕಿ. ನೋಡನೋಡುತ್ತಲೇ ರಕ್ತದ ಕೆಂಪು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. "ಇದನ್ನ ಎಲ್ಲಿ ನೋಡಿದೀರಿ?" ಅಂತ ಕೇಳಿ. ಆರತಿ ತಟ್ಟೆಯ ಓಕುಳಿ ನೀರು ಇದೇ ಅಲ್ವಾ! ಮದುಮಕ್ಕಳು ಹೊಸಿಲು ದಾಟುವಾಗ ಅಮ್ಮ ಮಾಡುವುದು ಆಮ್ಲ ಪ್ರತ್ಯಾಮ್ಲದ ಪ್ರಯೋಗ. ಈಗ ನಿಂಬೆಹಣ್ಣು ಹಿಂಡಿ. ಕೆಂಪು ಹೋಗಿ ಮತ್ತೆ ಹಳದಿ. ಸುಣ್ಣ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಅದು ಮಕ್ಕಳ ಕೈಗೆ ಬೇಡ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಹಾಕಿದರೆ ನೇರಳೆ, ಅಡುಗೆ ಸೋಡಾ ಹಾಕಿದರೆ ಹಸಿರು. ದಾಸವಾಳದಲ್ಲೂ ಮಾಡಿ ನೋಡಿ.

ರಸಪಾಕದ ಮೇಷ್ಟ್ರು ಸ್ನೇಪ್ ಮೊದಲ ದಿನವೇ ಹ್ಯಾರಿಯನ್ನು ಕೇಳುವ ಪ್ರಶ್ನೆಗಳಲ್ಲೂ ಪಾಠ ಇದೆ. ಮಂಕ್ಸ್‌ಹುಡ್, ವುಲ್ಫ್ಸ್‌ಬೇನ್ ಎರಡೂ ಒಂದೇ ಗಿಡ, ಅದಕ್ಕೆ ಅಕೊನೈಟ್ ಅಂತಲೂ ಹೆಸರು. ನಮ್ಮ ವತ್ಸನಾಭಿಯೂ ಅದೇ ಕುಲದ ವಿಷದ ಗಿಡ. ಒಂದೇ ಗಿಡಕ್ಕೆ ಇಷ್ಟು ಹೆಸರಿದ್ದರೆ ಗತಿಯೇನು? ತರಗತಿಯಲ್ಲೇ ಕೇಳಿ, ಸೀಬೆ ಅನ್ನುವವರು ಯಾರು, ಪೇರಲ ಅನ್ನುವವರು ಯಾರು, ಚೇಪೆ ಅನ್ನುವವರು ಯಾರು. ಸಿಡಿಯಂ ಗ್ವಾಜಾವ ಅಂದರೆ ಎಲ್ಲ ದೇಶದವರಿಗೂ ಒಂದೇ ಗಿಡ. 1753ರಲ್ಲಿ ಲಿನೇಯಸ್ ಗಿಡಗಳಿಗೆ ಎರಡು ಪದದ ಹೆಸರನ್ನು ಪಕ್ಕಾ ಮಾಡಿದ್ದು ಯಾಕೆ ಅಂತ ಆಮೇಲೆ ವಿವರಿಸುವುದೇ ಬೇಕಾಗುವುದಿಲ್ಲ.

ಎರಡನೇ ಪುಸ್ತಕದಲ್ಲಿ ಕಿರುಚುವ ಮ್ಯಾಂಡ್ರೇಕ್ ಬರುತ್ತದೆ. ಗಿಡ ನಿಜ, ಕಿರುಚುವುದು ಯುರೋಪಿನ ಹಳೆಯ ನಂಬಿಕೆ. ಬೇರು ಕವಲೊಡೆದು ಮನುಷ್ಯನ ಕಾಲಿನ ಥರ ಕಾಣುತ್ತದೆ, ಅದರಿಂದ ಹುಟ್ಟಿದ ಕತೆ. ಅದು ಬದನೆಯ ಕುಟುಂಬಕ್ಕೆ ಸೇರಿದ್ದು. ಬದನೆ, ಟೊಮೆಟೊ, ಮೆಣಸಿನಕಾಯಿ ಹೂವು ತರಿಸಿ ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ದತ್ತೂರವೂ ಇದೇ ಕುಟುಂಬ, ವಿಷ. ಅದನ್ನು ಕೀಳುವುದು ಬೇಡ, ದೂರದಿಂದ ತೋರಿಸಿ.

ಬೆಜೋರ್ ಅನ್ನುವ ಕಲ್ಲು ಆಡಿನ ಹೊಟ್ಟೆಯಲ್ಲಿ ಸಿಗುತ್ತದೆ, ವಿಷ ಇಳಿಸುತ್ತದೆ ಅನ್ನುತ್ತಾನೆ ಸ್ನೇಪ್. ನಿಜವಾಗಿಯೂ ಜನ ಇದನ್ನು ನಂಬಿದ್ದರು. ವಿಷಕ್ಕೆ ಮದ್ದು ಅನ್ನುವ ಅರ್ಥದ ಪರ್ಷಿಯನ್ ಪದದಿಂದ ಬಂದ ಹೆಸರು ಅದು. 17ನೇ ಶತಮಾನದಲ್ಲಿ ನಮ್ಮ ಪಕ್ಕದ ಗೋವಾದಲ್ಲೇ ಜೆಸ್ವಿಟ್ ಪಾದ್ರಿಗಳು ಕೃತಕ ಬೆಜೋರ್ ತಯಾರಿಸಿ ಮಾರುತ್ತಿದ್ದರು, ಯುರೋಪಿನಲ್ಲಿ ಅದಕ್ಕೆ ಗೋವಾ ಕಲ್ಲು ಅಂತಲೇ ಹೆಸರು. ಆದರೆ 16ನೇ ಶತಮಾನದಲ್ಲೇ ಫ್ರಾನ್ಸಿನ ವೈದ್ಯ ಆಂಬ್ರೋಸ್ ಪಾರೆ ಇದನ್ನು ಪರೀಕ್ಷಿಸಿ, ಕಲ್ಲು ವಿಷ ಇಳಿಸಲಿಲ್ಲ ಅಂತ ಬರೆದಿದ್ದ. ಪರೀಕ್ಷೆ ನಡೆದದ್ದು ಮರಣದಂಡನೆಯಾಗಿದ್ದ ಒಬ್ಬ ಅಡುಗೆಯವನ ಮೇಲೆ, ಅವನು ನರಳಿ ಸತ್ತ. ಎಂಟನೇ ತರಗತಿಗೆ ಇದನ್ನು ಹೇಳಿ, ಎರಡು ಪ್ರಶ್ನೆ ಕೇಳಿ. ಸುಳ್ಳು ಅಂತ ಗೊತ್ತಾದ ಮೇಲೂ ನೂರು ವರ್ಷ ಯಾಕೆ ಮಾರಾಟವಾಯಿತು? ಮನುಷ್ಯನ ಮೇಲೆ ಹಾಗೆ ಪರೀಕ್ಷೆ ಮಾಡಿದ್ದು ಸರಿಯಾ?

ಮೊದಲ ಪುಸ್ತಕದಲ್ಲಿ ಬರುವ, ಚಿನ್ನ ಮಾಡುವ ಕಲ್ಲಿನ ಒಡೆಯ ನಿಕೊಲಾಸ್ ಫ್ಲಾಮೆಲ್ ನಿಜವಾಗಿ ಇದ್ದವನು. ಪ್ಯಾರಿಸ್ಸಿನಲ್ಲಿ ಬರವಣಿಗೆ ಕೆಲಸ ಮಾಡುತ್ತಿದ್ದ, 1418ರಲ್ಲಿ ಸತ್ತ. 1407ರಲ್ಲಿ ಅವನು ಕಟ್ಟಿಸಿದ ಮನೆ ಇಂದಿಗೂ ಇದೆ. ಮುಟ್ಟಿದ್ದನ್ನು ಚಿನ್ನ ಮಾಡುವ ಕಲ್ಲಿನ ಆಸೆ ನಮ್ಮಲ್ಲೂ ಇತ್ತು. ವಚನಗಳಲ್ಲಿ ಮತ್ತೆ ಮತ್ತೆ ಬರುವ ಪರುಷ ಅದೇ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಕುದಿಸಿ ಕುದಿಸಿ ಈ ಕಲ್ಲನ್ನು ಹುಡುಕಲು ಹೋಗಿ ರಂಜಕ ಕಂಡುಹಿಡಿದ. ಮೂತ್ರ ಅಂದ ಕೂಡಲೇ ಮಕ್ಕಳು ನಗುತ್ತಾರೆ. ನಗಲಿ ಬಿಡಿ, ರಂಜಕದ ಪಾಠ ಜನ್ಮದಲ್ಲಿ ಮರೆಯುವುದಿಲ್ಲ.

ಹಂತ 5: ಒಂದು ರಾತ್ರಿ ಆಕಾಶ

ಜನವರಿ ಅಥವಾ ಫೆಬ್ರವರಿಯಲ್ಲಿ ಮೋಡವಿಲ್ಲದ ಒಂದು ಸಂಜೆ ಇಟ್ಟುಕೊಳ್ಳಿ, ಎಂಟು ಗಂಟೆಗೆ. ಪೋಷಕರೂ ಬರಲಿ. ಸಾಲಾಗಿ ನಿಂತ ಮೂರು ನಕ್ಷತ್ರ ಮೊದಲು ತೋರಿಸಿ. ಅದು ಒರಾಯನ್‌ನ ಸೊಂಟಪಟ್ಟಿ. ಆ ಗೆರೆಯನ್ನು ಆಗ್ನೇಯದ ಕಡೆ ಮುಂದುವರಿಸಿದರೆ ರಾತ್ರಿಯ ಆಕಾಶದ ಅತಿ ಹೊಳಪಿನ ನಕ್ಷತ್ರ ಸಿಗುತ್ತದೆ. ಅದೇ ಸಿರಿಯಸ್. ಯುರೋಪಿನವರ ಕತೆಯಲ್ಲಿ ಒರಾಯನ್ ಬೇಟೆಗಾರ, ಸಿರಿಯಸ್ ಅವನ ನಾಯಿ. ಕತೆಯ ಸಿರಿಯಸ್ ಬ್ಲ್ಯಾಕ್ ಕರಿ ನಾಯಿಯಾಗುವುದು ಅದಕ್ಕೇ. ಹೆಸರಿನಲ್ಲೇ ಗುಟ್ಟು ಇತ್ತು.

ಈಗ ನಮ್ಮ ಕತೆ ಹೇಳಿ. ನಮ್ಮವರು ಅದೇ ಸಿರಿಯಸ್ಸನ್ನು ಲುಬ್ಧಕ ಅಂದರು. ಲುಬ್ಧಕ ಅಂದರೆ ಬೇಟೆಗಾರ. ಒರಾಯನ್ ಇರುವ ಜಾಗದಲ್ಲಿ ಅವರು ಕಂಡದ್ದು ಮೃಗ, ಅಂದರೆ ಜಿಂಕೆ. ಆ ಮೂರು ನಕ್ಷತ್ರ ಜಿಂಕೆಗೆ ನೆಟ್ಟ ಬಾಣ. ಅಲ್ಲಿಯ ಬೇಟೆಗಾರ ಇಲ್ಲಿ ಬೇಟೆ, ಅಲ್ಲಿಯ ನಾಯಿ ಇಲ್ಲಿ ಬೇಟೆಗಾರ. ನಕ್ಷತ್ರಗಳು ಮಾತ್ರ ಅವೇ.

ಸಿರಿಯಸ್ಸಿನ ಬೆಳಕು ನಮ್ಮನ್ನು ತಲುಪಲು ಸುಮಾರು 8.6 ವರ್ಷ ಬೇಕು. ಹನ್ನೆರಡು ವರ್ಷದ ಹುಡುಗ ಇವತ್ತು ನೋಡುತ್ತಿರುವ ಬೆಳಕು ಅಲ್ಲಿಂದ ಹೊರಟಾಗ ಅವನಿಗೆ ಮೂರೂವರೆ ವರ್ಷವೂ ತುಂಬಿರಲಿಲ್ಲ. ಇದನ್ನು ಹೇಳಿ ಸ್ವಲ್ಪ ಹೊತ್ತು ಮಾತಾಡದೆ ಇರಿ. ಕತೆಯಲ್ಲಿ ಬರುವ ಇನ್ನೆರಡು ಹೆಸರೂ ನಕ್ಷತ್ರಗಳೇ: ಬೆಲಾಟ್ರಿಕ್ಸ್ ಒರಾಯನ್‌ನ ಒಂದು ಭುಜ, ರೆಗ್ಯುಲಸ್ ನಮ್ಮ ಮಖಾ ನಕ್ಷತ್ರ. ಅವನ್ನು ಮಕ್ಕಳೇ ಹುಡುಕಿಕೊಳ್ಳುತ್ತಾರೆ.

ಹಂತ 6: ಸಮಾಜ ವಿಜ್ಞಾನ

ಮೊದಲು ಇತಿಹಾಸಕಾರರ ಕೆಲಸ. ಕತೆ ಯಾವ ವರ್ಷ ನಡೆಯುತ್ತದೆ ಅಂತ ಮೊದಲ ಪುಸ್ತಕ ಹೇಳುವುದಿಲ್ಲ. ಎರಡನೇ ಪುಸ್ತಕದಲ್ಲಿ ನಿಕ್ ಅನ್ನುವ ದೆವ್ವದ 500ನೇ ಮರಣದಿನಕ್ಕೆ ಕೇಕ್ ಇರುತ್ತದೆ, ಅದರ ಮೇಲೆ 1492ರ ಅಕ್ಟೋಬರ್ 31 ಅಂತ ಬರೆದಿರುತ್ತದೆ. ಅಂದರೆ ಅದು 1992. ಹಾಗಾದರೆ ಮೊದಲ ಪುಸ್ತಕದಲ್ಲಿ ಹ್ಯಾರಿಗೆ ಹನ್ನೊಂದು ತುಂಬುವುದು 1991ರ ಜುಲೈ 31ರಂದು. ಒಂದು ಕೇಕ್ ಇಡೀ ಕಾಲಗಣನೆಗೆ ಶಾಸನವಾಯಿತು. ಶಾಸನ ಓದುವವರೂ ಹೀಗೇ ಕಾಲ ಗುರುತಿಸುತ್ತಾರೆ ಅಂತ ಹಲ್ಮಿಡಿಯ ಮಾತು ಎತ್ತಬಹುದು.

ಇಲ್ಲೊಂದು ಪತ್ತೇದಾರಿಯೂ ಇದೆ. ಆ ಹುಟ್ಟುಹಬ್ಬ ಮಂಗಳವಾರ ಅನ್ನುತ್ತದೆ ಪುಸ್ತಕ. ಸರಿಯಾ? 1947ರ ಆಗಸ್ಟ್ 15 ಶುಕ್ರವಾರ. ಅಲ್ಲಿಂದ 1991ಕ್ಕೆ 44 ವರ್ಷ, ನಡುವೆ 11 ಅಧಿಕ ವರ್ಷ. 44 + 11 = 55, ಏಳರಿಂದ ಭಾಗಿಸಿದರೆ ಶೇಷ 6. ಶುಕ್ರವಾರಕ್ಕೆ ಆರು ದಿನ ಸೇರಿಸಿದರೆ ಗುರುವಾರ. ಆಗಸ್ಟ್ 15 ಗುರುವಾರವಾದರೆ ಆಗಸ್ಟ್ 1 ಕೂಡ ಗುರುವಾರ, ಜುಲೈ 31 ಬುಧವಾರ. ಪುಸ್ತಕ ತಪ್ಪಿದೆ! ಜಗತ್ತೇ ಓದಿದ ಪುಸ್ತಕದಲ್ಲಿ ತಪ್ಪು ಹಿಡಿದ ಮಕ್ಕಳ ಮುಖ ನೀವು ನೋಡಬೇಕು.

ಪೌರನೀತಿಗೆ ಮೂರನೇ ಮತ್ತು ನಾಲ್ಕನೇ ಪುಸ್ತಕ ತೆಗೆಯಿರಿ. ಸಿರಿಯಸ್ಸನ್ನು ವಿಚಾರಣೆಯೇ ಮಾಡದೆ ಅಜ್ಕಬಾನ್ ಜೈಲಿಗೆ ಹಾಕುತ್ತಾರೆ, ಹನ್ನೆರಡು ವರ್ಷ. ನಮ್ಮ ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಮಕ್ಕಳಿಗೆ ಒಂದು ಕೆಲಸ ಕೊಡಿ: ಸಿರಿಯಸ್ ಕರ್ನಾಟಕದಲ್ಲಿ ಬಂಧನವಾಗಿದ್ದರೆ ಮೊದಲ 24 ಗಂಟೆ ಹೇಗಿರುತ್ತಿತ್ತು, ಗಂಟೆ ಗಂಟೆಗೆ ಬರೆಯಿರಿ. ಜಾಣ ಮಗುವೊಂದು ಮುನ್ನೆಚ್ಚರಿಕೆಯ ಬಂಧನದ ಬಗ್ಗೆ ಕೇಳಬಹುದು. ಅದೇ ವಿಧಿಯಲ್ಲಿ ಅದಕ್ಕೂ ಅವಕಾಶವಿದೆ. ಆದರೆ ಸಲಹಾ ಮಂಡಳಿ ಒಪ್ಪದೆ ಮೂರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ ಅನ್ನುವುದನ್ನೂ ಹೇಳಿ.

ಡಾಬಿ ಮನೆಯ ಜೀತದಾಳು. ಕನ್ನಡದಲ್ಲಿ ಇದಕ್ಕೆ ವಿವರಣೆಯೇ ಬೇಡ, ಜೀತ ಅನ್ನುವ ಒಂದು ಪದ ಸಾಕು. ಸಂವಿಧಾನದ 23ನೇ ವಿಧಿ ಮತ್ತು 1976ರ ಜೀತ ಪದ್ಧತಿ ರದ್ದು ಕಾಯ್ದೆಯನ್ನು ಇಲ್ಲಿಗೆ ಜೋಡಿಸಿ. ನಾಲ್ಕನೇ ಪುಸ್ತಕದಲ್ಲಿ, ಜೀತದಿಂದ ಬಿಡುಗಡೆಯಾದ ಮೇಲೆ, ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ವಾರಕ್ಕೆ ಹತ್ತು ಗ್ಯಾಲಿಯನ್ ಸಂಬಳ, ವಾರಾಂತ್ಯ ರಜೆ ಕೊಡುತ್ತೇನೆ ಅಂದರೆ ಡಾಬಿಯೇ ಚೌಕಾಸಿ ಮಾಡಿ ಒಂದು ಗ್ಯಾಲಿಯನ್, ತಿಂಗಳಿಗೆ ಒಂದು ದಿನ ರಜೆಗೆ ಇಳಿಸಿಕೊಳ್ಳುತ್ತಾನೆ. ಯಾಕೆ? ಈ ಪ್ರಶ್ನೆಗೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಬಹಳ ಮೆಲ್ಲಗೆ ಹೇಳಿದ: "ಜಾಸ್ತಿ ಕೇಳಿದ್ರೆ ಇದೂ ಹೋಗುತ್ತೇನೋ ಅಂತ ಭಯ ಸಾರ್. ನಮ್ಮ ತಾತನೂ ಹಂಗೇ." ನಾನು ಆ ದಿನ ಬೇರೇನೂ ಪಾಠ ಮಾಡಲಿಲ್ಲ. ಅವನ ತಾತನ ಬಗ್ಗೆ, ಅವನಿಗೆ ಇಷ್ಟವಿದ್ದಷ್ಟು, ಕೇಳಿಸಿಕೊಂಡೆವು.

ಒಂದು ಎಚ್ಚರಿಕೆ ಕೊಡಲೇಬೇಕು. ಹುಟ್ಟಿನ ಆಧಾರದ ಮೇಲೆ ಹರ್ಮಯನಿಯನ್ನು ಹೀಯಾಳಿಸುವ ಬೈಗುಳವೊಂದು ಈ ಪುಸ್ತಕಗಳಲ್ಲಿ ಬರುತ್ತದೆ. ಅದರಿಂದ ತಾರತಮ್ಯ, ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 15 ಮತ್ತು 17ನೇ ವಿಧಿಗೆ ಹೋಗುವುದು ಸಹಜ. ಆದರೆ ನಿಮ್ಮ ತರಗತಿಯಲ್ಲೇ ಜಾತಿ ಹೆಸರಿನಲ್ಲಿ ಬೈಸಿಕೊಂಡ ಮಗು ಕೂತಿರಬಹುದು. ಆ ಬೈಗುಳವನ್ನು ನಾಟಕ ಮಾಡಿಸಬೇಡಿ. "ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ" ಅಂತ ಎಲ್ಲರ ಮುಂದೆ ಕೇಳಬೇಡಿ. ಪಾತ್ರದ ಬಗ್ಗೆಯೇ ಮಾತಾಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಭೂಗೋಳಕ್ಕೆ ಒಂದೇ ಪ್ರಶ್ನೆ ಸಾಕು: ಹಾಗ್ವರ್ಟ್ಸ್‌ನಲ್ಲಿ ಡಿಸೆಂಬರ್ ಬಂತೆಂದರೆ ಅಷ್ಟು ಬೇಗ ಯಾಕೆ ಕತ್ತಲಾಗುತ್ತದೆ? ಹ್ಯಾರಿಯ ಈ ಶಾಲೆ ಇರುವುದು ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೊ ಸುಮಾರು 56 ಡಿಗ್ರಿ ಉತ್ತರ, ಬೆಂಗಳೂರು 13 ಡಿಗ್ರಿ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಏಳು ಗಂಟೆ, ನಮ್ಮಲ್ಲಿ ಹನ್ನೊಂದು ಗಂಟೆಗೂ ಜಾಸ್ತಿ. ಗ್ಲೋಬು, ಟಾರ್ಚು ತೆಗೆದುಕೊಳ್ಳಿ.

ಹಂತ 7: ಭಾಷೆ

'ವಿಂಗಾರ್ಡಿಯಂ ಲೆವಿಯೋಸಾ' ಅನ್ನುವ ಗರಿ ಹಾರಿಸುವ ಮಂತ್ರ ಹ್ಯಾರಿಯ ಗೆಳೆಯ ರಾನ್‌ಗೆ ಯಾಕೆ ಕೈಕೊಡುತ್ತದೆ? "ಗಾರ್" ಅನ್ನುವುದನ್ನು ಎಳೆದು ಹೇಳಬೇಕು ಅಂತ ಹರ್ಮಯನಿ ತಿದ್ದುತ್ತಾಳೆ. ಹ್ರಸ್ವ, ದೀರ್ಘದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ. ಮರ, ಮಾರ. ಲ, ಳ ತಪ್ಪಿದರೂ ಹೀಗೇ: ಹಾಲು, ಹಾಳು. ಹಲ್ಲಿ, ಹಳ್ಳಿ. ಒಂದಕ್ಷರ ತಪ್ಪಿದರೆ ಏನೇನಾಗುತ್ತದೆ ಅಂತ ಮಕ್ಕಳೇ ವಾಕ್ಯ ಮಾಡಲಿ.

ಮಂತ್ರಗಳೆಲ್ಲ ಹೆಚ್ಚಿನಂಶ ಲ್ಯಾಟಿನ್. ನಾಕ್ಸ್ ಅಂದರೆ ರಾತ್ರಿ, ಸಂಸ್ಕೃತದಲ್ಲಿ ನಕ್ತ. ಲೆವಿಸ್ ಅಂದರೆ ಹಗುರ, ನಮ್ಮ ಲಘು. ಪಾಟೆರ್ (pater) ಅಂದರೆ ತಂದೆ, ಪಿತೃ. ಹ್ಯಾರಿಯನ್ನು ಕಾಯುವ ಪ್ಯಾಟ್ರೋನಸ್ ಬಂದದ್ದು ಇದೇ ಪದದಿಂದ. ಹ್ಯಾರಿಯ ಮನೆತನದ ಹೆಸರು ಮಾತ್ರ ಇಂಗ್ಲಿಷ್, ಅದರ ಅರ್ಥ ಕುಂಬಾರ. ಈ ಎರಡನ್ನು ಮಕ್ಕಳು ಬೆರೆಸಿಕೊಳ್ಳದಂತೆ ನೋಡಿಕೊಳ್ಳಿ.

ಅನುವಾದ ಮಾಡಿಸಿ, ಒಂದೇ ಒಂದು ಪದ. ಮಾಯೆ ಬಾರದ ಜನರಿಗೆ ಮಗಲ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ? ನಮ್ಮ ಮಕ್ಕಳು ಕೊಟ್ಟದ್ದರಲ್ಲಿ "ಬರಿಗೈಯವರು" ಇತ್ತು, "ಸುಮ್ನೋರು" ಇತ್ತು. ಸುಮ್ನೋರು ಗೆದ್ದಿತು. ದೊಡ್ಡ ಮಕ್ಕಳಿಗೆ ಇನ್ನೊಂದು: ಕತೆಯ ಖಳನಾಯಕ ಟಾಮ್ ರಿಡಲ್ ತನ್ನ ಪೂರ್ತಿ ಹೆಸರಿನ ಅಕ್ಷರ ಅದಲುಬದಲು ಮಾಡಿ ವೊಲ್ಡೆಮಾರ್ಟ್ ಆಗುತ್ತಾನೆ. ಫ್ರೆಂಚ್ ಅನುವಾದಕರು ಅದಕ್ಕಾಗಿ ಅವನ ಹೆಸರನ್ನೇ ಟಾಮ್ ಎಲ್ವಿಸ್ ಜೆಡುಸೋರ್ ಅಂತ ಬದಲಿಸಬೇಕಾಯಿತು. ಕನ್ನಡದಲ್ಲಿ ಒತ್ತು, ಗುಣಿತ ಇರುವುದರಿಂದ ಈ ಆಟ ಇನ್ನೂ ಕಷ್ಟ. "ಕುಬೇರನಿಗೇನಿರಬೇಕು" ಬೋರ್ಡ್ ಮೇಲೆ ಬರೆದು ಹಿಂದಿನಿಂದ ಓದಿಸಿ, ಆಮೇಲೆ ಅವರ ಹೆಸರುಗಳನ್ನು ಅದಲುಬದಲು ಮಾಡಲು ಬಿಡಿ.

ಹಂತ 8: ಗುಂಪು, ವೇಳಾಪಟ್ಟಿ, ಅಂಕ

ಕತೆಯ ಶಾಲೆಯಲ್ಲಿರುವಂತೆ ಮಕ್ಕಳನ್ನು ನಾಲ್ಕು ಮನೆಗಳಿಗೆ, ಅಂದರೆ ಗುಂಪುಗಳಿಗೆ, ಹಂಚುವಾಗ ಧೈರ್ಯವಂತರು, ಜಾಣರು, ಕಪಟಿಗಳು ಅಂತ ಹಂಚಬೇಡಿ. ಹನ್ನೊಂದು ವರ್ಷದ ಮಗುವಿನ ಹಣೆಗೆ ಚೀಟಿ ಅಂಟಿಸುವ ಹಕ್ಕು ನಮಗಿಲ್ಲ. ಚೀಟಿ ಎತ್ತಿಸಿ, ತಿಂಗಳಿಗೊಮ್ಮೆ ಬದಲಿಸಿ.

ವಾರಕ್ಕೆ ಒಂದೇ ಪೀರಿಯಡ್ ಸಾಕು. ಮೊದಲ ತಿಂಗಳು ಗಣಿತ ಮಾತ್ರ. ಎರಡನೇ ತಿಂಗಳು ವಿಜ್ಞಾನದ ಸಹೋದ್ಯೋಗಿಯನ್ನು ಸೇರಿಸಿಕೊಳ್ಳಿ, ಆಮೇಲೆ ಸಮಾಜ, ಭಾಷೆ. ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಯಾರಿಗೂ ತಯಾರಿಗೆ ಪುರುಸೊತ್ತು ಸಿಗುವುದಿಲ್ಲ. ನಿಮ್ಮ ಪಠ್ಯದ ಯಾವ ಪಾಠಕ್ಕೆ ಕತೆಯ ಯಾವ ಜಾಗ ಅಂತ ಒಂದು ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿ. ಸಿಲಬಸ್ ಬಿಟ್ಟುಹೋಗುತ್ತೆ ಅನ್ನುವ ಆತಂಕ ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ಪರೀಕ್ಷೆಯಲ್ಲಿ ಕತೆಯ ಬಗ್ಗೆ ಕೇಳಬೇಡಿ. ಹ್ಯಾರಿಯ ಮಂತ್ರದಂಡ ಎಷ್ಟು ಇಂಚು ಅನ್ನುವುದು ಗೊತ್ತಿಲ್ಲದ ಮಗುವಿಗೆ ಅಂಕ ಹೋಗಬಾರದು. ಅದೇ ಕೌಶಲವನ್ನು ಬೇರೆ ಜಾಗದಲ್ಲಿ ಕೇಳಿ. ಆಣೆ ಪೈಸೆಯಲ್ಲಿ ಕೂಡುವ ಲೆಕ್ಕ ಕೊಡಿ, ಏಳು ಬಾಟಲಿಯ ಬದಲು ಐದು ಡಬ್ಬ ಕೊಡಿ.

ತರಗತಿಯ ಮೂಲೆಯಲ್ಲಿ ಒಂದು ಹಳೇ ಬಿಸ್ಕತ್ ಡಬ್ಬ ಇಡಿ. ಪುಸ್ತಕ ಓದುವಾಗ ಮಕ್ಕಳಿಗೆ ಬಂದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಹಾಕಲಿ, ಶನಿವಾರ ಬಿಚ್ಚಿ ಓದಿ. ಮುಂದಿನ ವಾರದ ಪಾಠ ಅದರಲ್ಲೇ ಸಿಗುತ್ತದೆ. ಕತೆಯಲ್ಲಿ ಕಾಗದ ಹೊತ್ತು ತರುವುದು ಗೂಬೆಗಳು. ಹೋದ ಶನಿವಾರದ ಡಬ್ಬದಲ್ಲಿ ಸಿಕ್ಕ ಚೀಟಿ ಇದು: "ಗೂಬೆ ಒಂದು ರಾತ್ರೀಲಿ ಎಷ್ಟು ದೂರ ಹಾರುತ್ತೆ? ಲಂಡನ್ನಿಂದ ಸ್ಕಾಟ್ಲೆಂಡಿಗೆ ಕಾಗದ ಬೆಳಿಗ್ಗೆ ತಿಂಡಿ ಹೊತ್ತಿಗೆ ಹೆಂಗೆ ಬರುತ್ತೆ?" ಸೋಮವಾರ ವೇಗ, ದೂರ, ಕಾಲದ ಪಾಠ. ನಕಾಶೆ ತರಲು ಹೇಳಿದ್ದೇನೆ.